‘ಮೊದಲು ಮಾತು ಬರ್ಲಿ’ ಅಂತ ಎಷ್ಟು ವರ್ಷ ಕಾಯಿಸ್ತೀರಿ?

ಕಳೆದ ಜೂನ್‌ನಲ್ಲಿ ಅಕ್ಕ ತನ್ನ ನಾಲ್ಕು ವರ್ಷದ ಮಗನನ್ನು ಹತ್ತಿರದ ನರ್ಸರಿಗೆ ಸೇರಿಸಿದಳು. ಅವನಿಗೆ ಡೌನ್ ಸಿಂಡ್ರೋಮ್ ಇದೆ. ಸೀಟು ಇಲ್ಲ ಅನ್ನಲಿಲ್ಲ. ‘ಮೊದಲು ಮಾತು ಬರ್ಲಿ ಮೇಡಂ, ಓದೋದು ಆಮೇಲೆ ನೋಡೋಣ. ಸದ್ಯ ಆಟ ಆಡ್ಕೊಂಡಿರ್ಲಿ’ ಅಂದರು. ಪ್ರೀತಿಯಿಂದಲೇ ಅಂದದ್ದು, ಹಾಗಾಗಿ ಜಗಳ ಆಡೋಕೂ ಆಗಲಿಲ್ಲ.

ಮೊದಲು ಮಾತು, ಆಮೇಲೆ ಅಕ್ಷರ, ಆಮೇಲೆ ಪದ. ಈ ಕ್ರಮ ನಮ್ಮೆಲ್ಲರ ತಲೆಯಲ್ಲಿದೆ. ಆದರೆ ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕಿವಿಯೊಳಗೆ ದ್ರವ ಕಟ್ಟಿ ಸರಿಯಾಗಿ ಕೇಳಿಸದಿರುವುದು ತುಂಬಾ ಸಾಮಾನ್ಯ. ಕೇಳಿದ ಪದವನ್ನು ಕ್ಷಣಕಾಲ ಹಿಡಿದಿಟ್ಟುಕೊಳ್ಳುವುದೂ ಅವರಿಗೆ ಕಷ್ಟ. ಅದಕ್ಕೆ ಹೋಲಿಸಿದರೆ ಕಂಡದ್ದು ಚೆನ್ನಾಗಿ ನೆನಪಿರುತ್ತೆ. ಬಾಯಲ್ಲಿ ಹೇಳಿದ ‘ಹಾಲು’ ಗಾಳಿಗೆ ಹೋಯಿತು. ಕಾರ್ಡಿನ ಮೇಲೆ ಬರೆದದ್ದು ಮಗು ನೋಡುವಷ್ಟು ಹೊತ್ತೂ ಅಲ್ಲೇ ಇರುತ್ತೆ. ಹಾಗಾಗಿ ಇವರಿಗೆ ಓದೇ ಮಾತಿನ ದಾರಿ ಆಗಬಹುದು.

ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನ ಮನಶ್ಶಾಸ್ತ್ರಜ್ಞೆ ಸ್ಯೂ ಬಕ್ಲಿ 1980ರ ಹೊತ್ತಿಗೆ ಈ ಕೆಲಸಕ್ಕೆ ಇಳಿದದ್ದು ಒಬ್ಬ ಅಪ್ಪ ಬರೆದ ಪತ್ರದಿಂದ. ಅವರ ಮಗಳು ಮೂರು ವರ್ಷಕ್ಕೇ ಕಾರ್ಡು ನೋಡಿ ಪದ ಓದೋಕೆ ಶುರು ಮಾಡಿದ್ದಳು. ಮುಂದೆ 2012ರಲ್ಲಿ ಬ್ರಿಟನ್ನಿನಲ್ಲೇ 57 ಮಕ್ಕಳ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ದಿನಕ್ಕೆ 40 ನಿಮಿಷದ ಪಾಠ. ಕಲಿಸಿದವರು ಶಾಲೆಯ ಸಹಾಯಕಿಯರು, ತಜ್ಞರಲ್ಲ. ಪದ ಓದುವುದು ಸುಧಾರಿಸಿತು, ಚಿಕ್ಕ ವಯಸ್ಸಿನವರಲ್ಲಿ ಹೆಚ್ಚು. ಪವಾಡ ಏನಲ್ಲ: ಹೇಳಿಕೊಟ್ಟ ಪದಗಳಾಚೆಗೆ ಭಾಷೆ ತಾನಾಗಿ ಹಿಗ್ಗಲಿಲ್ಲ, ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಹೋಗಲಿಲ್ಲ.

ಕನ್ನಡದಲ್ಲಿ ಇನ್ನೊಂದು ತಮಾಷೆ ಇದೆ. ವರ್ಣಮಾಲೆ, ಕಾಗುಣಿತ, ಒತ್ತಕ್ಷರ ಅಂತ ಹತ್ತುತ್ತಾ ಹೋದರೆ ‘ಅಮ್ಮ’ ಅನ್ನೋ ಪದ ಬರುವುದು ಕೊನೇ ಮೆಟ್ಟಿಲಲ್ಲಿ, ಅದರಲ್ಲಿ ಒತ್ತು ಇದೆಯಲ್ಲ! ಮಗುವಿಗೆ ಅತ್ಯಂತ ಹತ್ತಿರದ ಪದಕ್ಕೇ ಅತ್ಯಂತ ಉದ್ದದ ಕ್ಯೂ. ಅಕ್ಕ ಆ ಕ್ಯೂ ಬಿಟ್ಟಳು. ಹಳೇ ಮದುವೆ ಪತ್ರಿಕೆಗಳ ಹಿಂಭಾಗದಲ್ಲಿ ದಪ್ಪ ಮಾರ್ಕರಿನಲ್ಲಿ ಅಮ್ಮ, ಹಾಲು, ಬಸ್ಸು, ಚೆಂಡು ಅಂತ ಇಡೀ ಪದ ಬರೀತಾಳೆ. ಮೊದಲು ಒಂದೇ ಥರದ ಎರಡು ಕಾರ್ಡು ಜೋಡಿಸಬೇಕು, ಆಮೇಲೆ ಕೇಳಿದ್ದನ್ನು ಎತ್ತಿಕೊಡಬೇಕು, ಹೇಳುವುದು ಕೊನೆಗೆ. ಅವನು ಇನ್ನೂ ‘ಆಉ’ ಅಂತಾನೆ. ಆದರೆ ‘ಹಾಲು ಯಾವುದಪ್ಪ?’ ಅಂದರೆ ಸರಿಯಾದ ಕಾರ್ಡನ್ನೇ ಎತ್ತುತ್ತಾನೆ. ಹನ್ನೊಂದು ಪದ ಆಗಿವೆ. ಅಕ್ಷರ, ಕಾಗುಣಿತ ಕಲಿಸಲೇಬೇಕು, ಇಲ್ಲದಿದ್ದರೆ ಹೊಸ ಪದ ಓದೋಕಾಗಲ್ಲ. ಆದರೆ ಅದನ್ನೇ ಹೆಬ್ಬಾಗಿಲು ಮಾಡಬೇಕಿಲ್ಲ.

ಈಗ ಸರ್ಕಾರದ ಕಡೆ ನೋಡೋಣ. ಶಿಕ್ಷಣ ಹಕ್ಕು ಕಾಯ್ದೆ ಶುರುವಾಗುವುದು 6ನೇ ವರ್ಷಕ್ಕೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಉಚಿತ ಶಿಕ್ಷಣದ ಖಾತ್ರಿ ಕೊಡುವುದು 6ರಿಂದ 18ಕ್ಕೆ. ಈ ಮಕ್ಕಳಿಗೆ ಬೇಕಾಗಿರುವುದು ಮೂರರಿಂದ ಆರು. ಆ ಮೂರು ವರ್ಷ ಅಂಗನವಾಡಿಯದು. ಮಗು ಯಾರು ಅಂತ ಸರ್ಕಾರಕ್ಕೆ ಗೊತ್ತಿಲ್ಲ ಅನ್ನೋ ಹಾಗೂ ಇಲ್ಲ: ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಹೆಸರು ಇದೆ, ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಹೋಗಬೇಕು. ಅಂಗವಿಕಲ ಮಕ್ಕಳಿಗಾಗಿ ಅಂಗನವಾಡಿ ಪ್ರೋಟೋಕಾಲ್ 2023ರಲ್ಲೇ ಬಂದಿದೆ.

ಆದರೆ ದಿನಾ ಆ ಮಗುವಿನ ಪಕ್ಕ ಕೂತು ಕಾರ್ಡು ಹಿಡಿಯುವವರು ಯಾರು? ಪೋಷಣ್ ಟ್ರ್ಯಾಕರ್‌ಗೆ ವಿವರ ತುಂಬಿ, ಅಡುಗೆ ನೋಡಿ, ಸರ್ವೆಗೆ ಓಡುವ ಕಾರ್ಯಕರ್ತೆಯ ತಲೆಗೇ ಇದನ್ನೂ ಕಟ್ಟಿದರೆ ಆಗುವುದಿಲ್ಲ. ಆ 57 ಮಕ್ಕಳ ಜೊತೆ ಕೂರೋಕೆ ಒಬ್ಬೊಬ್ಬರು ಇದ್ದರು. ನಿಮ್ಮ ಶಾಸಕರು ಅಂಗನವಾಡಿ ಕಟ್ಟಡದ ರಿಬ್ಬನ್ ಕತ್ತರಿಸೋಕೆ ಬಂದಾಗ ಕೇಳಿ: ಆ ಕೆಲಸಕ್ಕೆ ಇನ್ನೊಬ್ಬರನ್ನು ಯಾವಾಗ ನೇಮಿಸ್ತೀರಿ, ಎಷ್ಟು ಸಂಬಳಕ್ಕೆ?