ಡಿಜಿಟಲ್ ಪೆನ್ನು: ಗೆರೆಯ ಜೊತೆಗೆ ಗೆರೆಯ ಹಾದಿಯನ್ನೂ ಕಲಿಸೋಣ

ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಎಂಬ ಎರಡೇ ಬಾಗಿಲುಗಳ ಮುಂದೆ ಮಕ್ಕಳನ್ನು ಸಾಲುಗಟ್ಟಿ ನಿಲ್ಲಿಸುತ್ತಿದ್ದ ಕಾಲ ನಿಧಾನವಾಗಿ ಸರಿಯುತ್ತಿದೆ. ವಿನ್ಯಾಸ ಶಿಕ್ಷಣವೂ ಗೌರವದ ಜೀವನಮಾರ್ಗವೆಂಬ ಅರಿವು ಹೊರನಾಡ ಕನ್ನಡ ಕುಟುಂಬಗಳಲ್ಲಿಯೂ ಮೂಡುತ್ತಿರುವುದು ಸಂತೋಷದ ಸಂಗತಿ. ಅದರೊಂದಿಗೆ ಪಾಲಕರನ್ನು ಕಾಡುವ ಪ್ರಶ್ನೆಯೊಂದಿದೆ. ಮಗುವಿಗೆ ಪೆನ್ಸಿಲು, ಕಾಗದ ಸಾಕೇ ಅಥವಾ ಸಾವಿರಾರು ರೂಪಾಯಿ ಬೆಲೆಯ ಡಿಜಿಟಲ್ ಪೆನ್ನು ಕೊಡಿಸಲೇಬೇಕೇ? ದಾನಿಗಳ ನೆರವಿನಿಂದ ಚಿತ್ರಕಲಾ ತರಗತಿ ನಡೆಸುವ ಸಂಘಸಂಸ್ಥೆಗಳ ಮುಂದೆಯೂ ಇದೇ ಪ್ರಶ್ನೆಯಿದೆ. ಈ ಸಾಧನ ಏನನ್ನು ಕೊಡುತ್ತದೆ, ಏನನ್ನು ಕೊಡಲಾರದು ಎಂಬುದನ್ನು ವಿವೇಚಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಈ ತಂತ್ರಜ್ಞಾನ ನಿನ್ನೆ ಮೊನ್ನೆಯದಲ್ಲ. 1963ರಲ್ಲಿಯೇ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ ತಮ್ಮ 'ಸ್ಕೆಚ್‌ಪ್ಯಾಡ್' ಮೂಲಕ, ಬೆಳಕಿನ ಪೆನ್ನಿನಿಂದ ಗಣಕಯಂತ್ರದ ಪರದೆಯ ಮೇಲೆ ನೇರವಾಗಿ ಚಿತ್ರಿಸಬಹುದೆಂದು ತೋರಿಸಿದರು. ಇಂದು ಬಳಕೆಯಲ್ಲಿರುವ ಪೆನ್ನುಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದು ಹಲಗೆ ಅಥವಾ ಪರದೆಯ ಮೇಲೆ ಬರೆಯುವಂಥದು. 1983ರಲ್ಲಿ ಸ್ಥಾಪನೆಯಾದ ಜಪಾನಿನ ವಾಕಾಮ್ ಸಂಸ್ಥೆಯ ಹೆಚ್ಚಿನ ಪೆನ್ನುಗಳಲ್ಲಿ ಬ್ಯಾಟರಿಯೇ ಇರುವುದಿಲ್ಲ. ಹಲಗೆಯಿಂದ ಹೊಮ್ಮುವ ವಿದ್ಯುತ್ಕಾಂತೀಯ ಸಂಕೇತವೇ ಅವುಗಳಿಗೆ ಶಕ್ತಿ. ಅದರ ಕೆಲವು ಮಾದರಿಗಳು ಕೈಯ ಒತ್ತಡವನ್ನು 8192 ಹಂತಗಳಲ್ಲಿ ಗುರುತಿಸಬಲ್ಲವು. ಎರಡನೆಯದು ಕಾಗದದ ಮೇಲೆಯೇ ಶಾಯಿಯಿಂದ ಬರೆಯುವಂಥದು. ಸ್ವೀಡನ್ನಿನ ಅನೋಟೊ ಸಂಸ್ಥೆಯ ಪದ್ಧತಿಯಲ್ಲಿ ಕಾಗದದ ಮೇಲೆ ಸುಮಾರು 0.3 ಮಿಲಿಮೀಟರ್ ಅಂತರದಲ್ಲಿ ಸೂಕ್ಷ್ಮ ಚುಕ್ಕೆಗಳನ್ನು ಮುದ್ರಿಸಿರುತ್ತಾರೆ. ಪೆನ್ನಿನ ತುದಿಯ ಪುಟ್ಟ ಕ್ಯಾಮೆರಾ ಆ ಚುಕ್ಕೆಗಳನ್ನು ಓದಿ ತಾನು ಪುಟದ ಯಾವ ಜಾಗದಲ್ಲಿದ್ದೇನೆಂದು ತಿಳಿದುಕೊಳ್ಳುತ್ತದೆ. ಇದೇ ತತ್ತ್ವವನ್ನು ಬಳಸಿ 2008ರಲ್ಲಿ ಮಾರುಕಟ್ಟೆಗೆ ಬಂದ ಲೈವ್‌ಸ್ಕ್ರೈಬ್ ಪೆನ್ನು, ಬರಹದೊಂದಿಗೆ ಆ ಹೊತ್ತಿನ ಮಾತನ್ನೂ ಧ್ವನಿಮುದ್ರಿಸಿಕೊಳ್ಳುತ್ತಿತ್ತು.

ಪೆನ್ನನ್ನು ಕೊಳ್ಳುವವರು ಸಾಮಾನ್ಯವಾಗಿ ಮೆಚ್ಚುವುದು ಅಂದವಾದ ಅಂತಿಮ ಚಿತ್ರವನ್ನು. ಆದರೆ ಬೋಧನೆಯ ದೃಷ್ಟಿಯಿಂದ ಇದರ ನಿಜವಾದ ಕೊಡುಗೆ ಬೇರೆಯೇ ಇದೆ: ಚಿತ್ರ ಮೂಡಿಬಂದ ಹಾದಿಯನ್ನು ಅದು ದಾಖಲಿಸಬಲ್ಲದು. ಒಂದು ಉದಾಹರಣೆಯನ್ನು ನೋಡೋಣ. ವಿದ್ಯಾರ್ಥಿಯೊಬ್ಬ ಬಿಂದಿಗೆಯ ಚಿತ್ರ ಬರೆದಿದ್ದಾನೆ, ಅದು ಒಂದು ಪಕ್ಕಕ್ಕೆ ವಾಲಿದೆ. ಮುಗಿದ ಚಿತ್ರವನ್ನು ನೋಡಿದ ಗುರು 'ವಾಲಿದೆ' ಎಂದಷ್ಟೇ ಹೇಳಬಲ್ಲರು. ಗೆರೆಗಳನ್ನು ಎಳೆದ ಕ್ರಮದಲ್ಲಿಯೇ ಮತ್ತೆ ಓಡಿಸಿ ನೋಡಿದರೆ ಕಾರಣ ತಿಳಿಯುತ್ತದೆ. ಆತ ನಡುವಿನ ಅಕ್ಷರೇಖೆಯನ್ನು ಎಳೆಯಲೇ ಇಲ್ಲ. ಒಡಲಿನ ಅಳತೆ ಕೂಡಿಬರುವ ಮೊದಲೇ ಕಂಠದ ಅಲಂಕಾರಕ್ಕೆ ಕೈಹಾಕಿದ. ತಪ್ಪಿದ್ದುದು ಗೆರೆಯಲ್ಲಲ್ಲ, ಯೋಚನೆಯ ಕ್ರಮದಲ್ಲಿ. ಗುರುವಿನ ಪಕ್ಕದಲ್ಲಿ ಕುಳಿತು ಕಲಿಯುತ್ತಿದ್ದವರಿಗೆ ಈ ತಿದ್ದುಪಡಿ ಸಹಜವಾಗಿ ಸಿಗುತ್ತಿತ್ತು. ನಲವತ್ತು ಮಕ್ಕಳ ತರಗತಿಯಲ್ಲಿ ಅದು ಅಸಾಧ್ಯ. 2020ರ ಲಾಕ್‌ಡೌನ್ ಕಾಲದಲ್ಲಿ ಗುರು ಒಂದು ಮನೆಯಲ್ಲಿ, ಶಿಷ್ಯ ಇನ್ನೊಂದು ಮನೆಯಲ್ಲಿ ಇದ್ದಾಗ ಇದರ ಬೆಲೆ ಇನ್ನಷ್ಟು ಸ್ಪಷ್ಟವಾಯಿತು.

ಅನುಕೂಲದ ಬೆನ್ನಿಗೇ ಅಪಾಯವೂ ಇದೆ. ಪರದೆಯ ಮೇಲೆ ಒಂದು ಗುಂಡಿ ಒತ್ತಿದರೆ ತಪ್ಪಿದ ಗೆರೆ ಮಾಯವಾಗುತ್ತದೆ. ಎಳೆಯುವ ಮುನ್ನ ಯೋಚಿಸುವ ಅಭ್ಯಾಸವೂ ಅದರೊಂದಿಗೆ ಮಾಯವಾಗಬಹುದು. ನಡುಗುವ ಗೆರೆಯನ್ನು ತಂತ್ರಾಂಶವೇ ನಯಗೊಳಿಸಿದರೆ ಕೈ ಪಳಗುವುದೆಂತು? ಚಿತ್ರವನ್ನು ಹಿಗ್ಗಿಸಿ ಮೂಲೆಮೂಲೆಯನ್ನು ತಿದ್ದುವ ಮಗುವಿಗೆ ಇಡೀ ಪುಟದ ಪ್ರಮಾಣ ಕಣ್ತಪ್ಪುತ್ತದೆ.

ಈ ಮಾತಿಗೆ ಮುಂಬಯಿಯಲ್ಲಿಯೇ ನಿದರ್ಶನಗಳಿವೆ. 1969ರಲ್ಲಿ ಕೈಗಾರಿಕಾ ವಿನ್ಯಾಸ ಕೇಂದ್ರವನ್ನು ಆರಂಭಿಸಿದ ಪವಾಯಿಯ ಐಐಟಿ, 2015ರಿಂದ ವಿನ್ಯಾಸ ಪದವಿಗಾಗಿ 'ಯುಸೀಡ್' ಪ್ರವೇಶ ಪರೀಕ್ಷೆಯನ್ನು ನಡೆಸುತ್ತಿದೆ. ಅದರ ಮೊದಲ ಭಾಗ ಗಣಕಯಂತ್ರದ ಮೇಲೆ ನಡೆದರೂ ಚಿತ್ರರಚನೆಯ ಭಾಗವನ್ನು ಕಾಗದದ ಮೇಲೆ ಕೈಯಿಂದಲೇ ಬರೆಯಬೇಕು. ದುಬಾರಿ ಸಾಧನವಿಲ್ಲದ ಮಗುವೂ ಅಲ್ಲಿ ಹಿಂದೆ ಬೀಳಬೇಕಿಲ್ಲ. ಉಡುಪಿಯ ಬಳಿಯ ಕಟ್ಟಿಂಗೇರಿಯಿಂದ ಬಂದು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಕಂಡವರಿಗೆ, ನಾಲ್ಕಾರು ಗೆರೆಗಳಲ್ಲಿ ನರ್ತಕಿಯ ಇಡೀ ದೇಹ ತಿರುಗುವ ಸೊಗಸು ಮರೆಯುವಂಥದಲ್ಲ. ಯಾವ ಗೆರೆಯನ್ನು ಬಿಡಬೇಕೆಂಬ ಆ ತಿಳಿವನ್ನು ಯಾವ ಪೆನ್ನೂ ಕೊಡಲಾರದು.

ಹಾಗಾದರೆ ನಾವು ಮಾಡಬೇಕಾದುದೇನು? ಮಗುವಿಗೊಂದು ಟ್ಯಾಬ್ಲೆಟ್ ಎಂಬ ಆಡಂಬರದ ಯೋಜನೆಗಿಂತ, ಗುರುವಿಗೊಂದು ಡಿಜಿಟಲ್ ಪೆನ್ನು, ಸಭಾಂಗಣಕ್ಕೊಂದು ಪ್ರೊಜೆಕ್ಟರ್, ಮಕ್ಕಳ ಕೈಗೆ ಧಾರಾಳ ಕಾಗದ ಎಂಬ ಕ್ರಮ ಹೆಚ್ಚು ಫಲಕಾರಿಯೆಂಬುದು ನಮ್ಮ ಅಭಿಪ್ರಾಯ. ಗುರು ಎಳೆಯುವ ಪ್ರತಿ ಗೆರೆಯೂ ಹಿಂದಿನ ಸಾಲಿನ ಮಗುವಿಗೂ ಕಾಣುತ್ತದೆ. ಆ ಪಾಠವನ್ನು ದಾಖಲಿಸಿಟ್ಟರೆ ಮುಂದಿನ ವರ್ಷದ ಮಕ್ಕಳಿಗೂ ಒದಗುತ್ತದೆ. ಸಂಘದ ಬಳಿ ಇಂಥ ಎರಡು ಮೂರು ಪೆನ್ನುಗಳಿದ್ದರೆ, ಕೈ ಪಳಗಿದ ಹಿರಿಯ ವಿದ್ಯಾರ್ಥಿಗಳು ಗ್ರಂಥಾಲಯದ ಪುಸ್ತಕದಂತೆ ಎರವಲು ಪಡೆದು ಅಭ್ಯಾಸ ಮಾಡಬಹುದು. ಕೊಳ್ಳುವಾಗ ಎರಡು ಎಚ್ಚರಗಳು ಅಗತ್ಯ. ಚುಕ್ಕೆ ಕಾಗದದ ಪೆನ್ನಿಗೆ ಆ ವಿಶೇಷ ಕಾಗದದ ಖರ್ಚು ನಿರಂತರ. ತಂತ್ರಾಂಶಕ್ಕೆ ಸಂಸ್ಥೆಯ ಬೆಂಬಲ ನಿಂತರೆ ದಾಖಲೆಗಳನ್ನು ತೆರೆಯುವುದೇ ಕಷ್ಟವಾದೀತು. ಆದ್ದರಿಂದ ಪಾಠಗಳನ್ನು ಎಲ್ಲೆಡೆ ತೆರೆಯಬಲ್ಲ ಸಾಮಾನ್ಯ ವಿಡಿಯೋ ಹಾಗೂ ಪಿಡಿಎಫ್ ರೂಪದಲ್ಲಿಯೂ ಉಳಿಸಿಡಬೇಕು.

ದಾನಿಗಳ ಹಣ ಅಪಾರವಲ್ಲ. ಸಾಧನಗಳು ಕೆಲವೇ ವರ್ಷಗಳಲ್ಲಿ ಹಳತಾಗುತ್ತವೆ. ಒಳ್ಳೆಯ ಗುರುವಿನಿಂದ ಪಳಗಿದ ಕೈ ಹಳತಾಗುವುದಿಲ್ಲ. ಬರುವ ವರ್ಷದ ತರಗತಿಗಳ ಆಯವ್ಯಯವನ್ನು ಸಿದ್ಧಪಡಿಸುವಾಗ ಗುರುವಿನ ಗೌರವಧನವನ್ನು ಮೊದಲು ಬರೆದು, ಪೆನ್ನಿನ ಬೆಲೆಯನ್ನು ಅನಂತರ ಬರೆಯಬೇಕೆಂದು ನಮ್ಮ ಸಂಘಸಂಸ್ಥೆಗಳ ಪದಾಧಿಕಾರಿಗಳಲ್ಲಿ ನಾವು ವಿನಂತಿಸುತ್ತೇವೆ.