ನದಿ ದಾಟಿದರೂ ವಿಷ ಅದೇ

ಅಮೆರಿಕದ ಅರಿಜೋನಾ ಮರುಭೂಮಿಯ ಬುಡುಬುಡಿಕೆ ಹಾವು ಬಾಲದ ತುದಿಯ ಗಿಲಕಿ ಅಲ್ಲಾಡಿಸಿ, ಕಡಿಯುವ ಮೊದಲು ಹಲವು ಸಲ ಎಚ್ಚರಿಕೆ ಕೊಡುತ್ತದೆ. ಆ ಹಾವು ಅಮೆರಿಕ ಖಂಡಗಳ ಆಚೆಗೆಲ್ಲೂ ಇಲ್ಲ. ಆದರೆ ಸದ್ದು ಮಾಡಿ ಎಚ್ಚರಿಸುವ ಹಾವು ನಮ್ಮ ದಖ್ಖನ್ನಿನ ಒಣ ಕಲ್ಲುನೆಲದಲ್ಲೂ ಇದೆ. ಗರಗಸ ಮಂಡಲ ಮೊಳದುದ್ದವೂ ಇರುವುದು ಅಪರೂಪ. ಕೆಣಕಿದರೆ ಮೈಯನ್ನು ಸುರುಳಿ ಸುತ್ತಿ, ಪಕ್ಕೆಯ ಒರಟು ಹುರುಪೆಗಳನ್ನು ಒಂದಕ್ಕೊಂದು ಉಜ್ಜುತ್ತದೆ. ಕಾದ ಹಂಚಿಗೆ ನೀರು ಚಿಮುಕಿಸಿದಂಥ ಸದ್ದು ಏಳುತ್ತದೆ. ಕೊಳಕುಮಂಡಲವಂತೂ ಮಾರು ದೂರಕ್ಕೆ ಕೇಳುವಂತೆ ಬುಸುಗುಟ್ಟುತ್ತದೆ.

ಹಾಗಿದ್ದೂ ಸಾವಿನ ಲೆಕ್ಕ ಬೇರೆಯೇ. ಅಮೆರಿಕದಲ್ಲಿ ವರ್ಷಕ್ಕೆ ಏಳೆಂಟು ಸಾವಿರ ಜನರಿಗೆ ವಿಷದ ಹಾವು ಕಚ್ಚುತ್ತದೆ, ಸಾಯುವವರು ಸುಮಾರು ಐವರು. ಭಾರತದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸತ್ತಿದ್ದಾರೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಅತಿ ಹೆಚ್ಚು ಸಾವಿನ ಎಂಟು ರಾಜ್ಯಗಳಲ್ಲಿ ತೆಲಂಗಾಣವನ್ನೂ ಒಳಗೊಂಡ ಅಂದಿನ ಆಂಧ್ರಪ್ರದೇಶವೂ ಒಂದು. ಸತ್ತವರಲ್ಲಿ ಅರ್ಧದಷ್ಟು ಜನ ಸತ್ತದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ.

ಅದೇ ತಿಂಗಳುಗಳಲ್ಲಿ ಕೃಷ್ಣಾ–ತುಂಗಭದ್ರೆಯರ ನಡುವಿನ ನಡಿಗಡ್ಡೆ ಸೀಮೆಯಲ್ಲಿ, ತೆಲಂಗಾಣದ ಗದ್ವಾಲ ಮತ್ತು ಇಟಿಕ್ಯಾಲದ ಸುತ್ತ ಹತ್ತಿಬೀಜದ ಹೊಲಗಳು ಕೂಲಿಯವರಿಂದ ತುಂಬಿರುತ್ತವೆ. ಸಂಕರಣದ ಕೆಲಸ ಸಂಜೆಯೂ ಇದೆ, ಮುಂಜಾನೆಯೂ ಇದೆ. ಗಿಡ ದಟ್ಟ, ಕಾಲು ಬರಿಗಾಲು. ಜುರಾಲಾ ಕಾಲುವೆಯ ನೀರು ಬಂದಲ್ಲಿ ಭತ್ತ, ಭತ್ತವಿದ್ದಲ್ಲಿ ಇಲಿ, ಇಲಿಯ ಬೆನ್ನ ಹಿಂದೆ ಕೊಳಕುಮಂಡಲ. ಇಲ್ಲಿನ ತೆಲುಗರ ಬಾಯಲ್ಲಿ ಅದು ರಕ್ತಪಿಂಜರಿ. ಹಾವು ಬುಸುಗುಟ್ಟುವಷ್ಟರಲ್ಲಿ ಕಾಲು ಅದರ ಮೇಲೆಯೇ ಬಿದ್ದಿರುತ್ತದೆ. ಮೊಣಕಾಲುದ್ದದ ರಬ್ಬರ್ ಬೂಟು, ಕೈಯಲ್ಲೊಂದು ಕೋಲು, ಬ್ಯಾಟರಿ, ಇಷ್ಟನ್ನು ಬೀಜ ಕಂಪನಿಗಳು ಕೂಲಿಯ ಜೊತೆಗೇ ಕೊಡಬೇಕು. ಬೀಜದ ಲಾಭ ಎಣಿಸುವವರಿಗೆ ಇದು ಭಾರವಲ್ಲ.

ಕಟ್ಟುಹಾವಿನದ್ದು ಇನ್ನೊಂದು ಬಗೆ. ಅದಕ್ಕೆ ಸದ್ದೇ ಇಲ್ಲ. ನೆಲದ ಮೇಲೆ ಮಲಗಿದವರನ್ನು ನಡುರಾತ್ರಿ ಕಚ್ಚುತ್ತದೆ, ನೋವು ಹೆಚ್ಚಿರುವುದಿಲ್ಲ, ಗಾಯ ಕಾಣುವುದೂ ಕಷ್ಟ. ಮುಂಜಾನೆ ಹೊಟ್ಟೆನೋವು ಎಂದು ಎದ್ದವರ ಕಣ್ಣರೆಪ್ಪೆ ಜೋತುಬೀಳುತ್ತಿದ್ದರೆ ಮನೆಯವರು ತಡಮಾಡದೆ ಆಸ್ಪತ್ರೆಯ ದಾರಿ ಹಿಡಿಯಬೇಕು. ಮಂಚ, ಹಾಸಿಗೆಯಡಿ ಸಿಕ್ಕಿಸಿದ ಸೊಳ್ಳೆಪರದೆ ಇವೆರಡೇ ಎಷ್ಟೋ ಜೀವ ಉಳಿಸುತ್ತವೆ.

ಹಾವು ಕಚ್ಚಿದವರಿಗೆ ಬೇವು ತಿನ್ನಿಸಿ ಕಹಿ ಗೊತ್ತಾಗುತ್ತದೆಯೇ ಎಂದು ನೋಡುವುದು, ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ಮಂತ್ರ ಹಾಕಿಸುವುದು, ಇವೆಲ್ಲ ಅಮೂಲ್ಯ ಹೊತ್ತನ್ನು ನುಂಗುತ್ತವೆ. ಉಂಗುರ, ಬಳೆ, ಕಾಲ್ಗಡಗ ತೆಗೆದು, ಕಚ್ಚಿದ ಅಂಗ ಅಲುಗದಂತೆ ಕೋಲಿಟ್ಟು ಕಟ್ಟಿ, ರೋಗಿಯನ್ನು ನಡೆಸದೆ ಕರೆದೊಯ್ಯುವುದೇ ಸರಿ. ಹಾವನ್ನು ಕೊಂದು ಹೊತ್ತೊಯ್ಯುವ ಅಗತ್ಯವಿಲ್ಲ. ನಮ್ಮಲ್ಲಿ ಸಿಗುವ ವಿಷನಿರೋಧಕ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ.

ಈ ಮದ್ದು ಹೊಲಕ್ಕೆ ಎಷ್ಟು ಹತ್ತಿರ ಸಿಗುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ಇಟಿಕ್ಯಾಲದ ರೋಗಿ ಗದ್ವಾಲಕ್ಕೂ ಹೋಗಬಹುದು, ಕರ್ನೂಲಿಗೂ ರಾಯಚೂರಿಗೂ ಹೋಗಬಹುದು. ಮೂರು ಊರು, ಮೂರು ರಾಜ್ಯ. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಮರುತಿಂಗಳೇ ಕೇಂದ್ರ ಸರ್ಕಾರ 2030ರೊಳಗೆ ಸಾವನ್ನು ಅರ್ಧಕ್ಕಿಳಿಸುವ ರಾಷ್ಟ್ರೀಯ ಯೋಜನೆ ತಂದಿತು. ಇಂಥ ಗಡಿಸೀಮೆಯಲ್ಲಿ ಮೂರೂ ರಾಜ್ಯಗಳ ಆಸ್ಪತ್ರೆಗಳು ಲೆಕ್ಕವನ್ನು ಪರಸ್ಪರ ಹಂಚಿಕೊಳ್ಳದಿದ್ದರೆ ಯಾವ ಊರಿಗೆ ಎಷ್ಟು ಮದ್ದು ಬೇಕೆಂಬುದು ಯಾರಿಗೂ ತಿಳಿಯುವುದಿಲ್ಲ.

ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರ ರೋಗಿಯನ್ನು ಮುಂದಕ್ಕೆ ಕಳಿಸುವ ಚೀಟಿ ಬರೆಯುವುದಕ್ಕಷ್ಟೇ ಇರಬಾರದು. ಮಂಡಲದ ವಿಷ ಏರಿದೆಯೇ ಎಂದು ತಿಳಿಯಲು ಒಂದು ಸ್ವಚ್ಛ, ಒಣ ಗಾಜಿನ ನಳಿಕೆ ಸಾಕು: ರಕ್ತ ಹಾಕಿ 20 ನಿಮಿಷ ಅಲುಗಿಸದೆ ಬಿಟ್ಟರೆ ಹೆಪ್ಪುಗಟ್ಟುತ್ತದೋ ಇಲ್ಲವೋ ಕಾಣುತ್ತದೆ. ಮೊದಲ ಸಲಕ್ಕೆ ಸಾಮಾನ್ಯವಾಗಿ 8ರಿಂದ 10 ಸೀಸೆ ಮದ್ದು ಬೇಕು, ಮಕ್ಕಳಿಗೂ ಅಷ್ಟೇ. ಅಷ್ಟು ದಾಸ್ತಾನು, ಅದನ್ನು ಕೊಡಲು ತರಬೇತಾದ ವೈದ್ಯರು, ರಾತ್ರಿಯೂ ತೆರೆದ ಬಾಗಿಲು, ಈ ಮೂರು ಪ್ರತಿ ವರ್ಷ ಜೂನ್ ಬರುವ ಮೊದಲೇ ಸಿದ್ಧವಾಗಿರಬೇಕು.