ದುಡಿಮೆಗೆ ಬೆಲೆ, ದುಡಿಯುವವನಿಗಲ್ಲ

ದುಡಿದವನಿಗೆ ಸಂಬಳ ಸಲ್ಲಬೇಕು. ಸಂಬಳ ಕೊಟ್ಟವನಿಗೆ ದುಡಿಮೆ ಸಲ್ಲಬೇಕು. ಈ ನ್ಯಾಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸಂಬಳ ಕೊಟ್ಟ ಮಾತ್ರಕ್ಕೆ ದುಡಿಯುವ ವ್ಯಕ್ತಿಯೇ ಧಣಿಯ ಸ್ವತ್ತಾಗಿಬಿಡುವನೇ? ಈ ಪ್ರಶ್ನೆಯನ್ನು ತಮ್ಮ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಒಯ್ದು, ಅದಕ್ಕಾಗಿ ತಮ್ಮ ವೃತ್ತಿಜೀವನವನ್ನೇ ತೆತ್ತ ಒಬ್ಬ ಆಟಗಾರರ ಕಥೆಯನ್ನು ಈ ತಿಂಗಳು ಓದುಗರ ಮುಂದಿಡಬಯಸುತ್ತೇವೆ. ಅವರೇ ಅಮೆರಿಕದ ಬೇಸ್‌ಬಾಲ್ ಆಟಗಾರ ಕರ್ಟ್ ಫ್ಲಡ್.

ಬೇಸ್‌ಬಾಲ್ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಆಟವಲ್ಲ. ಕ್ರಿಕೆಟ್ಟಿನಂತೆ ಅದೂ ದಾಂಡು ಚೆಂಡುಗಳ ಆಟ. ಮೈದಾನದ ದೂರದ ಭಾಗವನ್ನು ಕಾಯಲು ಎಡಕ್ಕೆ, ನಡುವೆ, ಬಲಕ್ಕೆ ಹೀಗೆ ಮೂವರು ನಿಲ್ಲುತ್ತಾರೆ. ಅವರಿಗೆ ಔಟ್‌ಫೀಲ್ಡರುಗಳೆಂದು ಹೆಸರು. ನಡುವೆ ನಿಂತವನು ಕಾಯಬೇಕಾದ ನೆಲ ಎಲ್ಲರಿಗಿಂತ ಹೆಚ್ಚು. ದಾಂಡಿಗೆ ಚೆಂಡು ತಗುಲಿದ ಕ್ಷಣವೇ ಅದು ಬೀಳುವ ಜಾಗವನ್ನು ಊಹಿಸಿ ಅವನು ಓಟ ಕೀಳಬೇಕು. ಫ್ಲಡ್ ಅವರದು ಈ ನಡುವಿನ ಸ್ಥಾನ.

1938ರ ಜನವರಿ 18ರಂದು ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ ಕಪ್ಪು ಜನಾಂಗದ ಕುಟುಂಬವೊಂದರಲ್ಲಿ ಹುಟ್ಟಿದ ಅವರು ಬೆಳೆದದ್ದು ಕ್ಯಾಲಿಫೋರ್ನಿಯದ ಓಕ್‌ಲ್ಯಾಂಡಿನಲ್ಲಿ. 1956ರಲ್ಲಿ ಸಿನ್ಸಿನಾಟಿ ತಂಡ ಅವರನ್ನು ಸೇರಿಸಿಕೊಂಡು, ಪಳಗಲೆಂದು ದಕ್ಷಿಣದ ರಾಜ್ಯಗಳ ಕಿರಿಯ ತಂಡಗಳಿಗೆ ಕಳುಹಿಸಿತು. ವರ್ಣಭೇದ ಅಲ್ಲಿ ಅತಿ ಕ್ರೂರವಾಗಿದ್ದ ಕಾಲವದು. ಬಿಳಿಯ ಆಟಗಾರರು ಉಣ್ಣುವಲ್ಲಿ ಅವರು ಉಣ್ಣುವಂತಿರಲಿಲ್ಲ, ತಂಗುವಲ್ಲಿ ತಂಗುವಂತಿರಲಿಲ್ಲ. ತಾವು ಕಳಚಿದ ಬೆವರಿನ ಅಂಗಿಯನ್ನು ಕೈಯಿಂದ ಮುಟ್ಟದೆ, ಕೋಲಿನ ತುದಿಯಿಂದ ಎತ್ತಿ ಬೇರೆಯಾಗಿ ಒಗೆಯಲು ಕಳುಹಿಸಿದ ಪ್ರಸಂಗವನ್ನು ಅವರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಮುಟ್ಟು ತಟ್ಟಿನ ನೋವನ್ನು ಕಂಡ ನಮ್ಮ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1958ರಿಂದ 1969ರವರೆಗೆ, ಹನ್ನೆರಡು ವರ್ಷ, ಅವರು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಪರವಾಗಿ ಆಡಿದರು. 1964ರಲ್ಲಿಯೂ 1967ರಲ್ಲಿಯೂ ಆ ತಂಡ ರಾಷ್ಟ್ರದ ಅತ್ಯುನ್ನತ ಪ್ರಶಸ್ತಿಯಾದ ವರ್ಲ್ಡ್ ಸೀರೀಸನ್ನು ಗೆದ್ದಿತು. ಶ್ರೇಷ್ಠ ಕ್ಷೇತ್ರರಕ್ಷಣೆಗೆ ಕೊಡುವ ಚಿನ್ನದ ಕೈಗವಸಿನ ಪುರಸ್ಕಾರ 1963ರಿಂದ ಸತತ ಏಳು ವರ್ಷ ಅವರ ಪಾಲಾಯಿತು. 1966ರ ಇಡೀ ಋತುವಿನಲ್ಲಿ ಅವರ ಲೆಕ್ಕಕ್ಕೆ ಒಂದೇ ಒಂದು ತಪ್ಪೂ ಸೇರಲಿಲ್ಲ.

ಆದರೂ ಮನುಷ್ಯನ ಊಹೆ ಒಮ್ಮೆಯಾದರೂ ಕೈಕೊಡುತ್ತದೆ. 1968ರ ವರ್ಲ್ಡ್ ಸೀರೀಸಿನ ಕೊನೆಯ ಪಂದ್ಯದಲ್ಲಿ ಡೆಟ್ರಾಯಿಟ್ ತಂಡದ ಆಟಗಾರನೊಬ್ಬ ಹೊಡೆದ ಚೆಂಡು ಹತ್ತಿರದಲ್ಲಿ ಬೀಳುವುದೆಂದು ಫ್ಲಡ್ ಎರಡು ಹೆಜ್ಜೆ ಮುಂದೆ ಬಂದರು. ಅದು ಅವರ ತಲೆಯ ಮೇಲಿಂದ ಹಾರಿಹೋಯಿತು. ಎದುರಾಳಿಗೆ ಎರಡು ಓಟಗಳು ದೊರೆತವು, ಪ್ರಶಸ್ತಿಯೂ ಅವರದಾಯಿತು.

ಮರುವರ್ಷದ ಅಕ್ಟೋಬರ್‌ನಲ್ಲಿ ತಂಡದ ಕಚೇರಿಯಿಂದ ಫ್ಲಡ್ ಅವರಿಗೆ ದೂರವಾಣಿ ಕರೆ ಬಂದಿತು. ಇತರ ಮೂವರೊಡನೆ ಅವರನ್ನು ಫಿಲಡೆಲ್ಫಿಯ ತಂಡಕ್ಕೆ ಕೊಟ್ಟು, ಅಲ್ಲಿಂದ ಮೂವರನ್ನು ಪಡೆಯಲಾಗಿತ್ತು. ಹನ್ನೆರಡು ವರ್ಷ ದುಡಿದವರನ್ನು ಒಂದು ಮಾತೂ ಕೇಳಿರಲಿಲ್ಲ. ಕೇಳಬೇಕಾದ ಅಗತ್ಯವೂ ಆಗಿನ ನಿಯಮದಲ್ಲಿ ಇರಲಿಲ್ಲ. ಒಮ್ಮೆ ಒಂದು ತಂಡದ ಕರಾರಿಗೆ ಸಹಿ ಹಾಕಿದರೆ ಆಟಗಾರ ಆಯುಷ್ಯವಿಡೀ ಆ ತಂಡಕ್ಕೇ ಸೇರಿದವನು. ತಂಡ ಅವನನ್ನು ಇಟ್ಟುಕೊಳ್ಳಬಹುದು, ಮಾರಬಹುದು, ಬಿಟ್ಟುಬಿಡಬಹುದು. ತಾನಾಗಿ ಬೇರೆ ತಂಡವನ್ನು ಸೇರುವ ಹಕ್ಕು ಅವನಿಗಿರಲಿಲ್ಲ. ವ್ಯಾಪಾರದ ಏಕಸ್ವಾಮ್ಯವನ್ನು ತಡೆಯುವ ಕಾಯಿದೆ ಬೇಸ್‌ಬಾಲಿಗೆ ಅನ್ವಯಿಸದೆಂದು 1922ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತ್ತು.

ಫ್ಲಡ್ ಹೋಗಲೊಪ್ಪಲಿಲ್ಲ. ಆಟಗಾರರ ಸಂಘದ ಮುಖ್ಯಸ್ಥರಾದ ಮಾರ್ವಿನ್ ಮಿಲ್ಲರ್ ಅವರಿಗೆ ಎಚ್ಚರಿಕೆಯ ಮಾತನ್ನೇ ಹೇಳಿದರು: ಗೆಲ್ಲುವ ಸಂಭವ ಬಹಳ ಕಡಿಮೆ, ಗೆದ್ದರೂ ಫ್ಲಡ್ ಅವರಿಗೆ ಲಾಭವಿಲ್ಲ, ಆಟವಂತೂ ಮುಗಿದಂತೆಯೇ. ಇತರ ಆಟಗಾರರಿಗೆ ಒಳಿತಾಗುವುದೇ ಎಂದಷ್ಟೇ ಅವರು ವಿಚಾರಿಸಿದರು. ಆಗುವುದೆಂಬ ಉತ್ತರ ಸಿಕ್ಕಿದ ಮೇಲೆ ಹಿಂದೆಗೆಯಲಿಲ್ಲ. 1969ರ ಡಿಸೆಂಬರ್ 24ರಂದು ಬೇಸ್‌ಬಾಲಿನ ಆಡಳಿತಾಧಿಕಾರಿ ಬೋವಿ ಕೂನ್ ಅವರಿಗೆ ಪತ್ರ ಬರೆದು, ತಮ್ಮ ಇಚ್ಛೆಯನ್ನು ಕೇಳದೆ ಕೊಂಡು ಮಾರುವುದಕ್ಕೆ ತಾವು ಸ್ವತ್ತಲ್ಲವೆಂದು ಸ್ಪಷ್ಟಪಡಿಸಿದರು. ಮನವಿ ತಿರಸ್ಕೃತವಾಯಿತು. ಅವರು ನ್ಯಾಯಾಲಯದ ಮೆಟ್ಟಿಲೇರಿದರು.

ಆಗ ಅವರ ವಾರ್ಷಿಕ ಸಂಬಳ 90,000 ಡಾಲರ್. ಇಷ್ಟು ಹಣ ಪಡೆಯುವವನಿಗೆ ಗುಲಾಮಗಿರಿಯ ಮಾತೇಕೆ ಎಂದು ಅನೇಕರು ಮೂದಲಿಸಿದರು. ಎಷ್ಟೇ ಸಂಬಳ ಕೊಟ್ಟರೂ ಗುಲಾಮ ಗುಲಾಮನೇ ಎಂಬುದು ಅವರ ಉತ್ತರವಾಗಿತ್ತು. 1970ರಲ್ಲಿ ವಿಚಾರಣೆ ನಡೆಯಿತು. ಬೇಸ್‌ಬಾಲಿನಲ್ಲಿ ವರ್ಣದ ಗೋಡೆಯನ್ನು ಮೊದಲು ಕೆಡವಿದ ಜಾಕಿ ರಾಬಿನ್‌ಸನ್ ಬಂದು ಅವರ ಪರ ಸಾಕ್ಷ್ಯ ನುಡಿದರು. ಆದರೆ ಆಗ ಆಡುತ್ತಿದ್ದ ಆಟಗಾರರಲ್ಲಿ ಒಬ್ಬರೂ ಬಂದು ಸಾಕ್ಷಿ ಹೇಳಲಿಲ್ಲ. ಸಂಘ ವೆಚ್ಚವನ್ನು ಭರಿಸಿತು. ಜೊತೆಯಲ್ಲಿ ನಿಲ್ಲಲು ಧೈರ್ಯ ಸಾಲಲಿಲ್ಲ.

ಆ ವರ್ಷವೆಲ್ಲ ಫ್ಲಡ್ ಆಡಲಿಲ್ಲ. 1971ರಲ್ಲಿ ವಾಷಿಂಗ್ಟನ್ ತಂಡದಲ್ಲಿ 13 ಪಂದ್ಯಗಳನ್ನಾಡಿ, ಇನ್ನು ಸಾಧ್ಯವಿಲ್ಲವೆಂದು ಹೊರಬಂದರು. 1972ರ ಜೂನ್ 19ರಂದು ಸರ್ವೋಚ್ಚ ನ್ಯಾಯಾಲಯ ಐವರು ಮೂವರೆಂಬ ಬಹುಮತದಿಂದ ಅವರ ವಿರುದ್ಧ ತೀರ್ಪಿತ್ತಿತು. ಬೇಸ್‌ಬಾಲಿಗಿದ್ದ ವಿನಾಯಿತಿ ಅಸಂಗತವೆಂದು ಒಪ್ಪಿಯೂ, ಅದನ್ನು ಸರಿಪಡಿಸುವುದು ಸಂಸತ್ತಿನ ಕೆಲಸವೆಂದು ಅದು ಹೇಳಿತು. ಫ್ಲಡ್ ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಹೊರಟುಹೋಗಿದ್ದರು. ಕುಡಿತವೂ ಹಣದ ಮುಗ್ಗಟ್ಟೂ ಅವರನ್ನು ಬಹುಕಾಲ ಕಾಡಿದವು.

ಅವರು ಸೋತರು, ಅವರೆತ್ತಿದ ಪ್ರಶ್ನೆ ಸೋಲಲಿಲ್ಲ. ಹತ್ತು ವರ್ಷ ಆಡಿ, ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದವನನ್ನು ಅವನ ಒಪ್ಪಿಗೆಯಿಲ್ಲದೆ ಬೇರೆಡೆಗೆ ಕಳುಹಿಸಬಾರದೆಂಬ ನಿಯಮ 1973ರಲ್ಲಿ ಜಾರಿಗೆ ಬಂದಿತು. ನಾಲ್ಕು ವರ್ಷ ಮೊದಲೇ ಅದು ಇದ್ದಿದ್ದರೆ ಫ್ಲಡ್ ಅವರಿಗೆ ನ್ಯಾಯಾಲಯದ ಗೊಡವೆಯೇ ಬೇಕಿರಲಿಲ್ಲ. 1975ರ ಡಿಸೆಂಬರ್‌ನಲ್ಲಿ ಬೇರೆ ಇಬ್ಬರು ಆಟಗಾರರ ಮೊಕದ್ದಮೆಯಲ್ಲಿ ಪಂಚಾಯ್ತಿದಾರರು ಕೊಟ್ಟ ತೀರ್ಪಿನಿಂದ ಆ ಹಳೆಯ ಆಜೀವ ಬಂಧನ ಕಳಚಿಬಿತ್ತು. ಅನಂತರದ ಪೀಳಿಗೆಯ ಆಟಗಾರರು ಕೋಟ್ಯಂತರ ಹಣ ಗಳಿಸಿದ್ದು ಆ ಬಾಗಿಲು ತೆರೆದುದರಿಂದ. ಫ್ಲಡ್ 1997ರ ಜನವರಿ 20ರಂದು, 59ರ ವಯಸ್ಸಿನಲ್ಲಿ ಗಂಟಲಿನ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಹೆಸರನ್ನೇ ಹೊತ್ತ ಕಾಯಿದೆಗೆ ಅಧ್ಯಕ್ಷ ಕ್ಲಿಂಟನ್ ಅಂಕಿತ ಹಾಕಿದ್ದು 1998ರ ಅಕ್ಟೋಬರ್‌ನಲ್ಲಿ. ಅದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ.

ಈ ಕಥೆಯಲ್ಲಿ ನಾವು ಕಲಿಯಬೇಕಾದುದು ಎರಡು ಬಗೆಯದು. ಮಗನಿಗೆ ನೌಕರಿ ದೊರೆತರೆ, ಮಗಳಿಗೆ ವರ ಬಂದರೆ, ಸಂಬಳವೆಷ್ಟೆಂಬುದೇ ನಮ್ಮ ಮೊದಲ ಪ್ರಶ್ನೆ. ಅಲ್ಲಿ ಮರ್ಯಾದೆ ಹೇಗಿದೆ ಎಂದು ಕೇಳುವವರು ವಿರಳ. ಕೇಳುವುದನ್ನು ನಾವು ರೂಢಿಸಿಕೊಳ್ಳಬೇಕು. ಎರಡನೆಯದು ಇನ್ನೂ ಹತ್ತಿರದ್ದು. ನಮ್ಮ ಮನೆಯ ಕೆಲಸದಾಕೆ, ಅಂಗಡಿಯ ಹುಡುಗ, ಹೊಲದ ಆಳು ಇವರಿಗೆ ತಿಂಗಳು ತಿಂಗಳು ಸಂಬಳ ಎಣಿಸಿ ಕೊಡುವ ನಾವು, ಅವರ ಹೊತ್ತುಗೊತ್ತುಗಳನ್ನೂ ಇಷ್ಟಾನಿಷ್ಟಗಳನ್ನೂ ಕೊಂಡುಕೊಂಡವರಂತೆ ನಡೆದುಕೊಳ್ಳುತ್ತಿಲ್ಲವಷ್ಟೆ? ನಾಳೆ ಬರಲಾಗದು ಎಂದು ಅವರು ಹೇಳಿದಾಗ ನಮ್ಮ ಮುಖ ಹೇಗಾಗುತ್ತದೆಂಬುದನ್ನು ನಾವೇ ನೋಡಿಕೊಂಡರೆ ಉತ್ತರ ತಿಳಿದೀತು.